ಯಾರೂ ಒತ್ತದ ಲಿಂಕು

ನಾಗವೇಣಿಯ ಕಂಪ್ಯೂಟರಿನ ಮೂಲೆಯಲ್ಲಿ ಒಂದು ಕಪ್ಪು ಕಿಟಕಿ ಯಾವಾಗಲೂ ತೆರೆದಿರುತ್ತಿತ್ತು. ಸ್ಟೋರ್ಸಿನ ಲೆಕ್ಕ ಬರೆಯುವಾಗಲೂ, ಬುತ್ತಿ ಬಿಚ್ಚಿ ಊಟ ಮಾಡುವಾಗಲೂ ಅವಳ ಒಂದು ಕಣ್ಣು ಅದರ ಮೇಲೆಯೇ. ಕಾರ್ಖಾನೆಯ ಒಳಗೆ ಯಾರಾದರೂ ಫೋನು ತೆಗೆದು ಒಂದು ಯಂತ್ರದ ಬೀಗ ಕೇಳಿದರೆ ಆ ಕಿಟಕಿಯಲ್ಲಿ ಒಂದು ಸಾಲು ಮೂಡುತ್ತಿತ್ತು. ಬಿಟ್ಟರೆ ಇನ್ನೊಂದು ಸಾಲು. ಅದನ್ನು ನೋಡುತ್ತ ಕೂರಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನು ಕಟ್ಟಿದ್ದು ಉಸಿರಾಡುತ್ತಿದೆ ಎಂಬ ಖುಷಿಗೆ ನೋಡುತ್ತಿದ್ದಳು, ಅಷ್ಟೆ.

ಅವಳದು ತೊರಪಲ್ಲಿ ಅಗ್ರಹಾರ. ಅಪ್ಪ ನಾರಾಯಣಪ್ಪ ಟೊಮೇಟೊ, ಬೀನ್ಸು ಬೆಳೆದು ಹೊಸೂರು ಮಾರುಕಟ್ಟೆಗೆ ಹಾಕುವವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪಕ್ಕದ ಹೊಲದವರೊಂದಿಗೆ ತೆಲುಗು. ಕೃಷ್ಣಗಿರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿ ಮುಗಿಸಿ ಬಂದವಳಿಗೆ ಮೂಕಂಡಪಲ್ಲಿಯ ಒಂದು ಅಲ್ಯೂಮಿನಿಯಂ ಎರಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕರಗಿದ ಲೋಹವನ್ನು ಅಚ್ಚಿಗೆ ನುಗ್ಗಿಸಿ ಬೈಕಿನ ಬಿಡಿಭಾಗ ಮಾಡುವ ಕಾರ್ಖಾನೆ. ಅವಳನ್ನು ಸ್ಟೋರ್ಸಿನಲ್ಲಿ ನಟ್ಟು, ಬೋಲ್ಟು, ಕೈಗವಸು ಎಣಿಸಲು ಕೂರಿಸಿದರು. ಅವಳು ಬೇಜಾರು ಮಾಡಿಕೊಳ್ಳದೆ ಎಣಿಸಿದಳು. ಬಿಡುವಿದ್ದಾಗ ಪ್ರೋಗ್ರಾಂ ಬರೆಯುವ ಪಾಠಗಳನ್ನು ಫೋನಿನಲ್ಲಿ ನೋಡಿ, ಕಲಿತದ್ದನ್ನು ಸ್ಟೋರ್ಸಿನ ಹಳೆಯ ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತಿದ್ದಳು.

ಆ ಕಾರ್ಖಾನೆಯಲ್ಲಿ ಒಂದು ಹಳೆಯ ತಕರಾರಿತ್ತು. ಯಂತ್ರ ಕೆಟ್ಟರೆ ಫಿಟ್ಟರ್ ಅದರ ಮೇನ್ ಸ್ವಿಚ್ಚು ಆರಿಸಿ, ಸ್ವಿಚ್ಚಿಗೆ ಒಂದು ಹಿತ್ತಾಳೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ತೂರುತ್ತಿದ್ದ. ಅವನು ಹೊರಗೆ ಬಂದು ಬೀಗ ತೆಗೆಯುವವರೆಗೆ ಯಾರೂ ಆ ಯಂತ್ರವನ್ನು ಓಡಿಸುವಂತಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಕೆಲಸ ಮುಗಿಸಿದವರು ಮರೆತು ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಒಬ್ಬ ಹಾಗೆಯೇ ಮದುವೆಗೆಂದು ಧರ್ಮಪುರಿಗೆ ಹೊರಟುಹೋದಾಗ ಇಡೀ ದಿನ ಒಂದು ಯಂತ್ರ ನಿಂತಿತು. ಪ್ರೊಡಕ್ಷನ್ ಮ್ಯಾನೇಜರ್ ಮುರಳಿಕೃಷ್ಣನ ತಾಳ್ಮೆ ಅಂದಿಗೆ ಮುಗಿಯಿತು. ಇನ್ನು ಮೇಲೆ ಕೀಲಿಗಳೆಲ್ಲ ಸೂಪರ್‌ವೈಸರ್ ಮೇಜಿನ ಪಕ್ಕದ ಹಲಗೆಯಲ್ಲಿ ತೂಗಬೇಕು, ಯಾವ ಯಂತ್ರದೊಳಗೆ ಯಾರಿದ್ದಾರೆ ಎಂಬುದು ಗೋಡೆಯ ಟಿವಿಯಲ್ಲಿ ಕಾಣಬೇಕು, ಟಿವಿಯಲ್ಲಿ ಹಸಿರು ಬಂದರೆ ಮಾತ್ರ ಕೀಲಿ ತೆಗೆಯಬೇಕು ಎಂದ. ಅದನ್ನು ಮಾಡಿಕೊಡುವವರು ಯಾರು ಎಂದು ಕೇಳಿದಾಗ ಸ್ಟೋರ್ಸಿನ ಹುಡುಗಿ ಕೈ ಎತ್ತಿದಳು.

ಅವಳು ಮಾಡಿದ್ದು ಸರಳವಾಗಿತ್ತು. ಪ್ರತಿ ಯಂತ್ರಕ್ಕೂ ಒಂದು ವಿಳಾಸ. ಆ ವಿಳಾಸಕ್ಕೆ ಫೋನಿನಿಂದ ನಾಲ್ಕು ಬಗೆಯ ಕೋರಿಕೆ ಕಳಿಸಬಹುದು. ಹೇಗಿದೆ ಎಂದು ಕೇಳುವುದು, ಹೊಸದನ್ನು ಸೇರಿಸುವುದು, ಇದ್ದದ್ದನ್ನು ಬದಲಿಸುವುದು, ತೆಗೆದುಹಾಕುವುದು. ಒಳಗೆ ಹೋಗುವವನು ಫೋನಿನಲ್ಲಿ ಆ ಯಂತ್ರದ ಬೀಗ ತೆಗೆದುಕೊಂಡರೆ ಟಿವಿಯಲ್ಲಿ ಅದರ ಚೌಕ ಕೆಂಪು, ಬಿಟ್ಟರೆ ಹಸಿರು. ಜಗತ್ತಿನ ದೊಡ್ಡ ದೊಡ್ಡ ಸೇವೆಗಳೂ ಹೀಗೆಯೇ ನಡೆಯುತ್ತವೆ ಎಂದು ಓದಿದಾಗ ಅವಳಿಗೆ ರೋಮಾಂಚನವಾಗಿತ್ತು. ಎಲ್ಲ ಪಾಠಗಳಲ್ಲೂ ಒಂದು ಮಾತು ಇದ್ದೇ ಇರುತ್ತಿತ್ತು: ಕೇಳುವುದು ಬರೀ ಕೇಳುವುದಾಗಿರಬೇಕು, ಕೇಳಿದ್ದರಿಂದ ಏನೂ ಬದಲಾಗಬಾರದು.

ಕಾರ್ಖಾನೆಯವರು ಅದನ್ನು ‘ಪೂಟ್ಟು’ ಎಂದು ಕರೆದರು. ತಮಿಳಿನಲ್ಲಿ ಬೀಗ ಎಂದರ್ಥ. ಅದನ್ನು ಎಲ್ಲರಿಗಿಂತ ಮೊದಲು ಮೆಚ್ಚಿದವನು ಜಗನ್. ಕೋಲಾರದ ಕಡೆಯಿಂದ ಬಂದು ಮೂಕಂಡಪಲ್ಲಿಯಲ್ಲಿ ಮನೆ ಮಾಡಿದ್ದ ಇಂದ್ರಮ್ಮನ ಮಗ. ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಉಳಿದ ಫಿಟ್ಟರುಗಳಿಗೆ ಫೋನು ಹಿಡಿದು ತೋರಿಸಿ ಕಲಿಸಿದವನೂ ಅವನೇ. “ಜೇಬು ತಡಕೋ ಕಾಲ ಮುಗೀತು ಕಣ್ರಲಾ” ಎಂದು ನಗುತ್ತಿದ್ದ.

ತೊಂದರೆ ಇದ್ದದ್ದು ಬೀಗ ಬಿಡುವಾಗ. ಎಣ್ಣೆಗೈಯಲ್ಲಿ ಪುಟ ತೆಗೆದು, ನಂಬರ್ ಹೊಡೆದು, ಗುಟ್ಟಿನ ಪದ ಹಾಕಬೇಕಾಗಿತ್ತು. ಫಿಟ್ಟರುಗಳು ಗೊಣಗಿದರು. ಗಿರಾಕಿ ಕಂಪನಿಯವರು ಕಾರ್ಖಾನೆ ನೋಡಲು ಬರುವ ದಿನ ಬೆಳಿಗ್ಗೆ ಮುರಳಿಕೃಷ್ಣ ಸ್ಟೋರ್ಸಿಗೇ ಬಂದ. “ಒಂದೇ ಒತ್ತಿಗೆ ಬೀಗ ಬಿಡೋ ಹಂಗೆ ಮಾಡ್ಬುಡಮ್ಮ. ಮೆಸೇಜಿನಾಗೆ ಒಂದು ಲಿಂಕ್ ಬರ್ಲಿ, ಒತ್ತಿದ್ರೆ ಮುಗೀತು. ಮಧ್ಯಾಹ್ನಕ್ಕೆ ಬೇಕು.”

ಸರಿಯಾಗಿ ಮಾಡಬೇಕಿದ್ದರೆ ಲಿಂಕು ತೆರೆದಾಗ ಒಂದು ಪುಟ ಬರಬೇಕು, ಪುಟದಲ್ಲಿ ಗುಂಡಿ ಇರಬೇಕು, ಗುಂಡಿ ಒತ್ತಿದರೆ ಬೀಗ ಬಿಡಬೇಕು. ಅದು ಎರಡು ಒತ್ತು. ನಾಗವೇಣಿ ಲಿಂಕು ತೆರೆದ ಕೂಡಲೇ ಬೀಗ ಬಿಡುವಂತೆ ಬರೆದಳು. ಪಾಠದ ಮಾತು ನೆನಪಿಗೆ ಬಂದಿತ್ತು. ಇಷ್ಟು ಚಿಕ್ಕ ಕಾರ್ಖಾನೆಗೆ ಅದೇನು ಮಹಾ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಳು. ಬಂದ ಅತಿಥಿಗಳು ಮೆಚ್ಚಿಕೊಂಡು ಹೋದರು. ಲಿಂಕು ಬೀಗ ತೆಗೆದುಕೊಂಡವನ ಫೋನಿಗಷ್ಟೇ ಬರುತ್ತಿತ್ತು, ಅವನೇ ಒತ್ತುತ್ತಿದ್ದ, ಕೆಲವು ವಾರ ಎಲ್ಲವೂ ಸಲೀಸಾಗಿ ನಡೆಯಿತು. ಸರಿಮಾಡುವ ಮಾತು ಹಿಂದಕ್ಕೆ ಸರಿಯಿತು.

ಆ ದಿನ ಬೆಳಗಿನ ಟೀ ಮುಗಿದಿತ್ತಷ್ಟೆ. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬಂತು. ಏಳನೆಯ ಯಂತ್ರದ ಬೀಗವನ್ನು ಜಗನ್ ತೆಗೆದುಕೊಂಡ. ನಾಗವೇಣಿ ಕೈಗವಸಿನ ಕಟ್ಟು ಬಿಚ್ಚುತ್ತಿದ್ದವಳು ಮತ್ತೆ ಅದರ ಕಡೆ ತಿರುಗಿದಳು. ತಲೆ ಎತ್ತಿದಾಗ ಆ ಸಾಲಿನ ಕೆಳಗೆ ಇನ್ನೊಂದಿತ್ತು. ಏಳನೆಯ ಯಂತ್ರದ ಬೀಗ ಬಿಡುಗಡೆಯಾಗಿದೆ.

ಇಷ್ಟು ಬೇಗ ಮುಗಿಸಿದನೇ? ಏಳನೆಯದರಲ್ಲಿ ಎಣ್ಣೆಯ ಪೈಪು ಸೋರುತ್ತಿದೆ, ಅಚ್ಚಿನ ಹಿಂದೆ ತೂರಿಕೊಂಡು ಬದಲಿಸಬೇಕು, ಊಟದ ಹೊತ್ತಾಗುತ್ತದೆ ಎಂದು ಹೇಳಿ ಹೊಸ ಪೈಪನ್ನು ಇವಳ ಕೈಯಿಂದಲೇ ಅವನು ಈಗಷ್ಟೇ ತೆಗೆದುಕೊಂಡು ಹೋಗಿದ್ದ.

ಅವಳು ಸಾಲನ್ನು ಬಲಕ್ಕೆ ಸರಿಸಿದಳು. ಕೋರಿಕೆ ಯಾವ ಪ್ರೋಗ್ರಾಮಿನಿಂದ ಬಂತು ಎಂಬುದು ಸಾಲಿನ ಕೊನೆಯಲ್ಲಿರುತ್ತದೆ. ಬೇರೆಲ್ಲ ಬಿಡುಗಡೆಗಳ ಕೊನೆಯಲ್ಲೂ ಫೋನಿನ ಬ್ರೌಸರಿನ ಹೆಸರಿತ್ತು. ಇದರ ಕೊನೆಯಲ್ಲಿ ಎಲ್ಲರೂ ಗ್ರೂಪು ಮಾಡಿಕೊಂಡು ಹರಟುವ ಆ್ಯಪಿನ ಹೆಸರಿತ್ತು.

ಅವಳು ತನ್ನ ಫೋನನ್ನು ಎಳೆದುಕೊಂಡು ಕಾರ್ಖಾನೆಯ ಗ್ರೂಪು ತೆರೆದಳು. ಜಗನ್ ಆಗತಾನೆ ಹಾಕಿದ್ದ ಮೆಸೇಜು ಎದುರಿಗೇ ಇತ್ತು. ‘ನನ್ ಕೈ ತುಂಬ ಎಣ್ಣೆ. ನಾನು ಆಚೆಗೆ ಬಂದು ಕೈ ಎತ್ತಿದ ಮ್ಯಾಲೆ ಯಾರಾನಾ ಇದನ್ನ ಒತ್ರಪ್ಪಾ.’ ಅದರ ಕೆಳಗೆ ಬೀಗ ಬಿಡುವ ಲಿಂಕು. ಲಿಂಕಿನ ಕೆಳಗೆ ಒಂದು ಚಿಕ್ಕ ಚೌಕ, ಅದರೊಳಗೆ ಅವಳೇ ಬರೆದಿದ್ದ ಅಕ್ಷರಗಳು: ಬೀಗ ಬಿಡಲಾಗಿದೆ.

 ಗ್ರೂಪಿಗೆ ಲಿಂಕು ಹಾಕಿದರೆ ಅದರ ಮುಖ ತೋರಿಸಲಿಕ್ಕೆಂದು ಆ್ಯಪು ತಾನೇ ಹೋಗಿ ಒಮ್ಮೆ ಆ ಪುಟವನ್ನು ತೆರೆಯುತ್ತದೆ. ತೆರೆದರೆ ಸಾಕು, ಬೀಗ ಬಿಡುತ್ತದೆ. ಹಾಗೆ ಬರೆದವಳು ಅವಳೇ.

ಜಗನ್‌ಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಒಳಗೆ ತೂರುವವರು ಫೋನನ್ನು ಹೊರಗೆ ತಟ್ಟೆಯಲ್ಲಿ ಇಟ್ಟುಹೋಗುತ್ತಾರೆ. ಸೂಪರ್‌ವೈಸರ್ ಚನ್ನಕೇಶವನಿಗೆ ಮಾಡಿದಳು. ಅವನೂ ಎತ್ತಲಿಲ್ಲ. ಕಂಪ್ಯೂಟರಿಗೆ ತಿರುಗಿ ಏಳನೆಯ ಯಂತ್ರಕ್ಕೆ ಮತ್ತೆ ಬೀಗ ಹಾಕುವ ಕೋರಿಕೆ ಕಳಿಸಿದಳು. ಬೆರಳು ತಪ್ಪಿತು, ಮತ್ತೆ ಹೊಡೆದಳು. ಬಿತ್ತು. ಟಿವಿಯಲ್ಲಿ ಈಗ ಕೆಂಪು ಬಂದಿರಬೇಕು. ಆದರೆ ಅಷ್ಟರೊಳಗೆ ಚನ್ನಕೇಶವ ಹಲಗೆಯಿಂದ ಕೀಲಿ ತೆಗೆದುಕೊಂಡು ಹೋಗಿದ್ದರೆ ಅವನು ಮತ್ತೆ ಟಿವಿಯ ಕಡೆ ಯಾಕೆ ನೋಡುತ್ತಾನೆ?

ಅವಳು ಓಡಿದಳು.

ಸ್ಟೋರ್ಸಿಗೂ ಯಂತ್ರಗಳ ಅಂಕಣಕ್ಕೂ ನಡುವೆ ಒಂದು ಅಂಗಳ. ತುಂಬಿದ ಟ್ರಾಲಿಗಳು ಅಡ್ಡ ನಿಂತಿದ್ದವು. ಒಂದರ ಅಂಚು ಸೊಂಟಕ್ಕೆ ಬಡಿದದ್ದು ಅವಳಿಗೆ ಮರುದಿನ ನೀಲಿಗಟ್ಟಿದಾಗಲೇ ತಿಳಿದದ್ದು. ಅಂಕಣದ ಬಾಗಿಲಲ್ಲಿ ಶಾಖ ಮುಖಕ್ಕೆ ಹೊಡೆಯಿತು. ಕುಲುಮೆಗಳ ಭೋರ್ಗರೆತದಲ್ಲಿ ಕೂಗಿದರೆ ಪಕ್ಕದವನಿಗೂ ಕೇಳಿಸದು. ಏಳನೆಯ ಯಂತ್ರ ಆ ತುದಿಯಲ್ಲಿತ್ತು. ಅದರ ಮುಂದೆ ಚನ್ನಕೇಶವ ನಿಂತಿದ್ದ. ಬೀಗ ಅವನ ಎಡಗೈಯಲ್ಲಿತ್ತು. ಬಲಗೈ ಆಗಲೇ ಮೇನ್ ಸ್ವಿಚ್ಚನ್ನು ಮೇಲಕ್ಕೆತ್ತಿ ಗುಂಡಿಗಳ ಮೇಲೆ ಹೋಗಿತ್ತು. ಯಂತ್ರದ ತಲೆಯ ಮೇಲಿನ ದೀಪ ಮಿಣುಕಿತು.

ಅಲ್ಲಿಗೆ ಓಡಿದರೆ ತಲುಪುವುದಿಲ್ಲ ಎಂದು ಅವಳ ಕಾಲಿಗೇ ಗೊತ್ತಾಯಿತು. ಬಾಗಿಲ ಪಕ್ಕದ ಗೋಡೆಗುಂಟ ಒಂದು ಕೆಂಪು ಹಗ್ಗ ಹೋಗಿತ್ತು. ಎಳೆದರೆ ಅಂಕಣದ ಅಷ್ಟೂ ಯಂತ್ರ ಒಟ್ಟಿಗೆ ನಿಲ್ಲುತ್ತವೆ. ನಿಂತರೆ ಅಚ್ಚುಗಳೊಳಗಿನ ಲೋಹ ಅಲ್ಲಲ್ಲೇ ಹೆಪ್ಪುಗಟ್ಟುತ್ತದೆ, ಎಲ್ಲವನ್ನೂ ಬಿಚ್ಚಿ ಕೆರೆಯಬೇಕು. ಅನುಮತಿಯಿಲ್ಲದೆ ಮುಟ್ಟಿದವರ ಕೆಲಸ ಹೋಗುತ್ತದೆ ಎಂದು ತಮಿಳಿನಲ್ಲಿ ಬರೆದ ಹಲಗೆ ಮೇಲೆಯೇ ಇತ್ತು. ನಾಗವೇಣಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಜೋತುಬಿದ್ದಳು.

ಒಂದೊಂದಾಗಿ ಸದ್ದುಗಳು ಅಡಗಿದವು. ಕುಲುಮೆಯ ಗಾಳಿ ಮಾತ್ರ ಉಳಿಯಿತು.

“ಯಾರ್ಲಾ ಅದು ಎಳ್ದಿದ್ದು?” ಚನ್ನಕೇಶವ ತಿರುಗಿ ಗದರಿದ.

“ಒಳಗೆ ಜಗನ್ ಅವ್ನೆ ಅಣ್ಣ.”

“ಯಾವುದ್ರೊಳಗೆ?”

“ಏಳ್ರಲ್ಲಿ. ನಿನ್ ಮುಂದಿರೋದ್ರಲ್ಲಿ.”

“ಟಿವಿನಾಗೆ ಪಚ್ಚೆ ಬಣ್ಣ ಇತ್ತಲ್ಲಮ್ಮ. ಕೂಗಿದ್ನಲ್ಲ ನಾನು, ಯಾರೂ ಓ ಅನ್ಲಿಲ್ಲ.” ಅವನು ಟಿವಿಯ ಕಡೆ ನೋಡಿದ. ಹಗ್ಗ ಎಳೆದದ್ದರಿಂದ ಟಿವಿಯೂ ಆರಿಹೋಗಿತ್ತು. ಅವನ ಮುಖ ಬೂದಿಯಾಯಿತು. ಕೈಯಲ್ಲಿದ್ದ ಬೀಗ ಹಾಗೆಯೇ ಇತ್ತು.

ಇಬ್ಬರೂ ಯಂತ್ರದ ಹಿಂಬದಿಗೆ ಓಡಿದರು. ಅಲ್ಲಿನ ಕಬ್ಬಿಣದ ಬಾಗಿಲು ಅರೆ ತೆರೆದಿತ್ತು. ತಟ್ಟೆಯಲ್ಲಿ ಸ್ಪ್ಯಾನರುಗಳ ಜೊತೆ ಜಗನ್‌ನ ಫೋನಿತ್ತು. ಒಳಗಿನಿಂದ ಯಾವ ಸದ್ದೂ ಇಲ್ಲ. ಚನ್ನಕೇಶವ ಬಗ್ಗಿ “ಜಗನ್” ಎಂದ. 

“ಇದೀನಿ.” ಬಹಳ ಹೊತ್ತಿನ ಮೇಲೆ ಬಂದಂತಿತ್ತು ಆ ಮಾತು. “ಇದೀನಣ್ಣ. ಯಾರೂ ಏನೂ ಮುಟ್ಬ್ಯಾಡಿ.”

ಅವನು ತೆವಳುತ್ತ ಹೊರಗೆ ಬಂದ. ಒಂದು ಕಾಲಲ್ಲಿ ಬೂಟಿತ್ತು, ಇನ್ನೊಂದರಲ್ಲಿ ಬರೀ ಕಾಲುಚೀಲ. ಅಚ್ಚಿನ ದೊಡ್ಡ ಫಲಕ ಒಂದು ಗೇಣು ಮುಂದಕ್ಕೆ ಬಂದು ನಿಂತಿತ್ತು. ಅದಕ್ಕೂ ಎದುರಿನ ಕಂಬಕ್ಕೂ ನಡುವೆ ಅವನ ಇನ್ನೊಂದು ಬೂಟು ಸಿಕ್ಕಿಕೊಂಡಿತ್ತು, ಉಕ್ಕಿನ ಮೂತಿ ಚಪ್ಪಟೆಯಾಗಿ. ನೆಲ ನಡುಗಿದ್ದು ಗೊತ್ತಾಗಿ ಕಾಲು ಎಳೆದುಕೊಂಡಿದ್ದ. ಕಾಲು ಬಂತು, ಬೂಟು ಬರಲಿಲ್ಲ. ಅವನು ನೆಲದ ಮೇಲೆ ಕೂತು ತನ್ನ ಪಾದವನ್ನೇ ಮುಟ್ಟಿ ಮುಟ್ಟಿ ನೋಡಿಕೊಂಡ.

ಸ್ವಲ್ಪ ಹೊತ್ತಿಗೆ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದರು. ಮುರಳಿಕೃಷ್ಣ ಬಂದವನೇ, “ಒತ್ತಿದೋರು ಯಾರು?” ಎಂದ.  ಆಗ ಜಗನ್ ಎದ್ದ. ಒಂದು ಬೂಟಿನಲ್ಲಿ ಕುಂಟುತ್ತ ಹೋಗಿ ರಾಜೇಶನ ಅಂಗಿ ಹಿಡಿದ. ರಾಜೇಶನೂ ಫಿಟ್ಟರ್. ಹಿಂದಿನ ದಿನ ಶಿಫ್ಟು ಬದಲಿಸುವ ವಿಷಯಕ್ಕೆ ಇಬ್ಬರಿಗೂ ಎಲ್ಲರೆದುರೇ ಜಗಳವಾಗಿತ್ತು.

“ನೀನೇ ಕಣ್ಲಾ ಒತ್ತಿದ್ದು. ನಾನಿನ್ನೂ ಒಳೀಕ್ಕೆ ಹೋಗ್ತಿದ್ದಂಗೇ ಒತ್ತಿದೀಯ.”

“ನಾನು ಮುಟ್ಟಿಲ್ಲ. ನಮ್ಮವ್ವನಾಣೆ ಮುಟ್ಟಿಲ್ಲ ಕಣೋ.” ರಾಜೇಶ ಅವನ ಕೈ ಬಿಡಿಸಿಕೊಳ್ಳಲಿಲ್ಲ. ಸುತ್ತ ನಿಂತವರ ಮುಖ ನೋಡಿದ. ಒಬ್ಬೊಬ್ಬರೂ ಕಣ್ಣು ತಪ್ಪಿಸಿದರು.

“ನೀನು ಮನೆಗೆ ಹೋಗಪ್ಪ,” ಎಂದ ಮುರಳಿಕೃಷ್ಣ. “ವಿಚಾರಣೆ ಆಗೋತನ್ಕ ಈ ಕಡೆ ಬರಬ್ಯಾಡ. ಪೊಲೀಸರಿಗೆ ಹೇಳೋದೋ ಬ್ಯಾಡ್ವೋ ಆಮ್ಯಾಕೆ ನೋಡಾನ.”

ನಾಗವೇಣಿ ಬಾಗಿಲ ಹತ್ತಿರ ನಿಂತಿದ್ದಳು.  ಆ ಕಪ್ಪು ಕಿಟಕಿಯ ಸಾಲನ್ನು ಓದಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಸುಮ್ಮನಿದ್ದರೆ ಹಗ್ಗ ಎಳೆದು ಜೀವ ಉಳಿಸಿದವಳೆಂದು ಹೊಗಳುತ್ತಾರೆ, ಆಗಲೇ ಇಬ್ಬರು ಹೊಗಳಿಯೂ ಆಗಿತ್ತು. ರಾಜೇಶ ಬುತ್ತಿಯ ಚೀಲ ತೆಗೆದುಕೊಳ್ಳಲು ಬಗ್ಗಿದ. 

“ಸಾರ್, ಯಾರೂ ಒತ್ತಿಲ್ಲ.”

“ಯಾರೂ ಒತ್ತದೆ ಅದೆಂಗಮ್ಮ ಬಿಡ್ತು?”

“ತೋರಿಸ್ತೀನಿ. ಎಲ್ರೂ ಫೋನು ಮೇಜಿನ ಮ್ಯಾಲೆ ಇಡಿ. ನೀವೂ ಇಡಿ ಸಾರ್.”

ಒಬ್ಬೊಬ್ಬರಾಗಿ ಇಟ್ಟರು. ಒಡೆದ ಗಾಜಿನವು, ರಬ್ಬರು ಸುತ್ತಿದವು, ಮುರಳಿಕೃಷ್ಣನ ದುಬಾರಿಯದು. ನಾಗವೇಣಿ ಕ್ಯಾಂಟೀನಿನ ಟಿವಿಯಲ್ಲಿ ಪೂಟ್ಟಿನ ಪುಟ ಬರಿಸಿದಳು. ತನ್ನ ಫೋನಿನಿಂದ ಇಲ್ಲದ ಒಂದು ಯಂತ್ರವನ್ನು ಸೇರಿಸಿದಳು. ಅದಕ್ಕೆ ತಾನೇ ಬೀಗ ಹಾಕಿದಳು. ಟಿವಿಯಲ್ಲಿ ಹೊಸ ಚೌಕ ಕೆಂಪಾಯಿತು. ಬಂದ ಲಿಂಕನ್ನು ಗ್ರೂಪಿಗೆ ಹಾಕಿ ತನ್ನ ಫೋನನ್ನೂ ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡಳು.

ಮೇಜಿನ ಮೇಲಿದ್ದ ಫೋನುಗಳೆಲ್ಲ ಒಟ್ಟಿಗೆ ಗುಂಯ್ಗುಟ್ಟಿದವು. ಯಾರೂ ಮುಟ್ಟಲಿಲ್ಲ. ಟಿವಿಯ ಚೌಕ ಹಸಿರಾಯಿತು.

ಮೇಜಿಗೆ ಒರಗಿ ನಿಂತಿದ್ದವನೊಬ್ಬ ಹಿಂದಕ್ಕೆ ಸರಿದ. ಜಗನ್ ತನ್ನ ಫೋನನ್ನೇ ನೋಡುತ್ತ ನಿಂತ.

“ಲಿಂಕ್ ಹಾಕಿದ್ರೆ ಕೆಳಗೆ ಒಂದು ಚಿಕ್ಕ ಚೌಕ ಬತ್ತದಲ್ಲ,” ಎಂದಳು ನಾಗವೇಣಿ. “ಅದನ್ನ ತರಾಕೆ ಆ್ಯಪೇ ಹೋಗಿ ಪುಟ ತೆಗೆದು ನೋಡ್ತದೆ. ನೋಡಿದ್ರೆ ಏನೂ ಆಗಬಾರ್ದಿತ್ತು. ನೋಡಿದ್ರೇ ಬೀಗ ಬಿಡೋ ಹಂಗೆ ನಾನು ಬರ್ದಿದ್ದೆ. ಹಂಗೆ ಬರೀಬಾರ್ದು ಅಂತ ಗೊತ್ತಿತ್ತು ನಂಗೆ.”

‘ಒಂದೇ ಒತ್ತಿಗೆ’ ಎಂದವರು ಯಾರೆಂದು ಅವಳು ಹೇಳಲಿಲ್ಲ. ಮುರಳಿಕೃಷ್ಣ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಚನ್ನಕೇಶವ ಮೂಲೆಯಿಂದ ಮೆಲ್ಲಗೆ, “ನಾನೂ ಹಿಂದ್ಕೆ ಹೋಗಿ ಬಗ್ಗಿ ನೋಡ್ಬೇಕಿತ್ತು. ಪಚ್ಚೆ ನಂಬ್ಕೊಂಡೆ,” ಎಂದ. ರಾಜೇಶ ಬುತ್ತಿಯ ಚೀಲವನ್ನು ಮತ್ತೆ ಗೂಟಕ್ಕೆ ನೇತುಹಾಕಿದ.  ಜಗನ್ ಆಮೇಲಾದರೂ ಅವನಿಗೆ ತಪ್ಪಾಯಿತು ಎಂದನೋ ಇಲ್ಲವೋ, ನಾಗವೇಣಿಗೆ ತಿಳಿಯದು.

ಅಂದು ಸಂಜೆ ಪೂಟ್ಟು ನಿಂತಿತು. ಅದನ್ನು ಮತ್ತೆ ಬರೆಯಲು ಅವಳು ಹಿಡಿದ ಸಮಯ ಮೊದಲ ಸಲಕ್ಕಿಂತ ಬಹಳ ಹೆಚ್ಚು. ಲಿಂಕು ತೆರೆದರೆ ಈಗ ಬರೀ ಪುಟ ಕಾಣುತ್ತದೆ. ಬೀಗ ತೆಗೆದುಕೊಂಡವನೇ ತನ್ನ ಗುಟ್ಟಿನ ಪದ ಹಾಕಿ ಗುಂಡಿ ಒತ್ತಬೇಕು. ಬೇರೆ ಯಾರು ಕೇಳಿದರೂ ಇಲ್ಲ ಎನ್ನುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೀಲಿಯ ಹಲಗೆಯನ್ನು ಗೋಡೆಯಿಂದ ಕೀಳಿಸದೆ ಚಾಲೂ ಮಾಡುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ಕೀಲಿ ಒಳಗೆ ಹೋಗುವವನ ಜೇಬಿನಲ್ಲೇ ಇರಬೇಕು. ಟಿವಿ ಯಾರು ಎಲ್ಲಿದ್ದಾರೆ ಎಂದು ಹೇಳಲಿ, ಯಂತ್ರ ಓಡಿಸಬಹುದು ಎಂದು ಹೇಳುವುದು ಬೇಡ. ಮುರಳಿಕೃಷ್ಣ ಮೂರು ಸಲ ವಾದಿಸಿ ಕೊನೆಗೆ ಹಲಗೆ ತೆಗೆಸಿದ.

ಆ ನಡುವೆ ಒಂದು ಸಂಜೆ ಕಂಪನಿಯ ಬಸ್ಸಿಗೆ ಕಾಯುತ್ತಿದ್ದಾಗ ಇಂದ್ರಮ್ಮ ಅವಳ ಮುಂದೆ ಬಂದು ನಿಂತಳು. ಜಗನ್‌ನ ಮುಖವೇ, ವಯಸ್ಸಾದದ್ದು.

“ನೀನೇನವ್ವ ಆ ಬೀಗದ ಪೋಗ್ರಾಮು ಮಾಡ್ದೋಳು?”

“ಹೂಂನಮ್ಮ.”

“ಹಗ್ಗ ಎಳ್ದಿದ್ದೂ ನೀನೇ ಅಂತಾನಲ್ಲ.”

“ಹೂಂ.”

ಇಂದ್ರಮ್ಮ ಅವಳನ್ನು ದಿಟ್ಟಿಸುತ್ತ ನಿಂತಳು. ಬೈಯಲು ತೆರೆದ ಬಾಯಿ ಬೈಯಲಿಲ್ಲ. ಎತ್ತಿದ ಕೈ ಅವಳ ತಲೆಯ ತನಕ ಬಂದು ಮುಟ್ಟದೆ ಇಳಿಯಿತು. “ನಿಂಗೆ ಏನು ಹೇಳ್ಬೇಕೋ ನಂಗೇ ಗೊತ್ತಾಯ್ತಿಲ್ಲ ಕಣವ್ವ,” ಎಂದು ಸೆರಗು ಎಳೆದುಕೊಂಡು ಆಟೋ ಹತ್ತಿಹೋದಳು. ನಾಗವೇಣಿ ಆ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾದಳು. ಅಳುತ್ತ ಬಸ್ಸು ಹತ್ತಲು ಅವಳಿಗೆ ಮನಸ್ಸಾಗಲಿಲ್ಲ.

ಜಗನ್ ಆಮೇಲೆ ಅಚ್ಚುಯಂತ್ರಗಳ ಒಳಗೆ ಹೋಗಲಿಲ್ಲ. ಕೇಳಿಕೊಂಡು ಕಂಪ್ರೆಸರ್ ವಿಭಾಗಕ್ಕೆ ಹೋದ. ಸ್ಟೋರ್ಸಿಗೆ ಸಾಮಾನಿಗೆ ಬಂದಾಗ ಮಾತಾಡುತ್ತಾನೆ, ಮೊದಲಿನಷ್ಟಲ್ಲ.

ಮಾವಿನ ಕಾಲ ಮುಗಿಯುವ ಹೊತ್ತಿಗೆ ಮುರಳಿಕೃಷ್ಣ ಮತ್ತೊಮ್ಮೆ ಸ್ಟೋರ್ಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತ. ಹೊಸ ಯಂತ್ರಗಳು ಬರಲಿವೆ, ಪೂಟ್ಟು ಇನ್ನೊಂದು ಶಾಖೆಗೂ ಬೇಕು ಎಂದ. ಅವಳು ಆಗಲಿ ಎಂದಳು. ಎದ್ದು ಹೊರಟವನು ಬಾಗಿಲಲ್ಲಿ ನಿಂತ.

“ಒಂದು ಚಿಕ್ಕ ಕೆಲ್ಸ ನಾಗವೇಣಿ. ಅರ್ಜೆಂಟ್ ಇದ್ದಾಗ ಯಾವ ಬೀಗನಾದ್ರೂ ನಾನು ಆಫೀಸಿನಿಂದ್ಲೇ ಬಿಡೋ ಹಂಗೆ ನನ್ನ ಫೋನಿಗೆ ಮಾತ್ರ ಒಂದು ದಾರಿ ಮಾಡ್ಕೊಡು.”

“ಇಲ್ಲ ಸಾರ್.”

“ಮಾಡಾಕೆ ಆಗಲ್ವಾ?”

“ಆಗ್ತದೆ ಸಾರ್. ನಾನು ಮಾಡಲ್ಲ.”

ಅವನು ಅವಳನ್ನು ನೋಡುತ್ತಲೇ ಇದ್ದ. ಅವಳು ಕಣ್ಣು ತಗ್ಗಿಸಲಿಲ್ಲ. ಅಂಗಳದಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಕೊನೆಗೆ ಅವನು ಬಾಗಿಲ ಚೌಕಟ್ಟನ್ನು ಬೆರಳಿನಿಂದ ಎರಡು ಸಲ ತಟ್ಟಿ, “ಸರಿ, ಆ ಶಾಖೆಗೆ ಸೋಮವಾರ ಹೋಗಿಬಾ, ಕಾರು ಕಳಿಸ್ತೀನಿ,” ಎಂದು ಹೊರಟುಹೋದ.